ಕನ್ನಡ ಮೀಡಿಯಂ, ನೀಟ್ ಮತ್ತು ಫಿಸಿಕ್ಸ್‌ನ ಹನ್ನೊಂದು ಅಂಕ

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಸ್ವಲ್ಪ ಅಡಿಕೆ ತೋಟ ಇದೆ, ಅದರಲ್ಲೇ ಸಂಸಾರ. ಮಗಳು ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯಕ್ಕೂ ಎ ಪ್ಲಸ್. ಪ್ಲಸ್ ಒನ್‌ಗೆ ಬಯಾಲಜಿ ಸೈನ್ಸ್ ತೆಗೆದುಕೊಂಡಳು. ಅಲ್ಲಿಂದ ಪುಸ್ತಕ, ಪಾಠ ಎಲ್ಲ ಇಂಗ್ಲಿಷ್. ಈಗ ಪ್ಲಸ್ ಟು ಶುರುವಾಗಿದೆ. ನೀಟ್ ಬರೆಯುವ ಆಸೆ ಅವಳದ್ದೇ, ನಾವು ಒತ್ತಾಯ ಮಾಡಿದ್ದಲ್ಲ. ರಜೆಯಲ್ಲಿ ಪ್ಲಸ್ ಒನ್ ಪಾಠಗಳ ಮೇಲೆ ಒಂದು ಮಾಡೆಲ್ ಪರೀಕ್ಷೆ ಬರೆದಳು. 720ಕ್ಕೆ 212. ಬಯಾಲಜಿ 156, ಕೆಮಿಸ್ಟ್ರಿ 45, ಫಿಸಿಕ್ಸ್ ಬರೀ 11. ಫಿಸಿಕ್ಸ್‌ನ 45 ಪ್ರಶ್ನೆಗಳಲ್ಲಿ 9 ಸರಿ, 25 ತಪ್ಪು, 11 ಬಿಟ್ಟಿದ್ದಾಳೆ. ಅವತ್ತಿನಿಂದ ‘ಕನ್ನಡದಲ್ಲಿ ಓದಿದ್ದೇ ತಪ್ಪಾಯ್ತು, ನನ್ನಿಂದಾಗದು’ ಎಂದು ಅಳುತ್ತಾಳೆ. ಒಬ್ಬರು ನೀಟನ್ನು ಕನ್ನಡದಲ್ಲೇ ಬರೆಸಿ, ಅದಕ್ಕೆ ಬೇರೆ ಸೀಟು ಇದೆ ಎನ್ನುತ್ತಾರೆ. ಇನ್ನೊಬ್ಬರು ಕನ್ನಡ ಪೇಪರ್ ಬೇಡವೇ ಬೇಡ, ಅನುವಾದ ಅರ್ಥವಾಗುವುದಿಲ್ಲ ಎನ್ನುತ್ತಾರೆ. ನೆಗೆಟಿವ್ ಮಾರ್ಕ್ ಇರುವುದರಿಂದ ಗೊತ್ತಿಲ್ಲದ್ದನ್ನು ಮುಟ್ಟಬಾರದೇ? ನನ್ನ ತಮ್ಮ, ಮಂಗಳೂರಿನ ಹಾಸ್ಟೆಲ್ ಇರುವ ಕೋಚಿಂಗಿಗೆ ಹಾಕಿ ಎಂದು ಹಟ ಹಿಡಿದಿದ್ದಾನೆ. ಅದಕ್ಕೆ ನನ್ನ ಚಿನ್ನ ಅಡವಿಡಬೇಕಾಗುತ್ತದೆ. ಕೇರಳದ ಕೀಂ, ಕರ್ನಾಟಕದ ಸಿಇಟಿ, ಸಿಯುಇಟಿ ಎಂದೆಲ್ಲ ಬೇರೆ ಪ್ರವೇಶ ಪರೀಕ್ಷೆಗಳ ಹೆಸರು ಹೇಳುತ್ತಾರೆ. ಗಡಿನಾಡಿನವರಿಗೆ ಕರ್ನಾಟಕದಲ್ಲಿ ಸೀಟು ಸಿಗುತ್ತದೆ ಎಂಬುದು ನಿಜವೇ? ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ ತಾಯಿ. ಆದರೆ ಎಲ್ಲದರ ಅಡಿಯಲ್ಲಿ ಇರುವುದು ಒಂದೇ ಭಯ. ಕನ್ನಡ ಶಾಲೆಗೆ ಕಳಿಸಿ ನಾವೇ ಮಗಳ ದಾರಿಗೆ ಅಡ್ಡ ಬಂದೆವಾ ಅಂತ, ಅಲ್ವಾ? ಕಾಸರಗೋಡಿನ ಹೈಯರ್ ಸೆಕೆಂಡರಿ ಮಕ್ಕಳಿಗೆ ಫಿಸಿಕ್ಸ್ ಕಲಿಸುತ್ತ ಬಂದವನು ನಾನು. ಶಾಲೆ ತೆರೆಯುವ ಹೊತ್ತಿಗೆ ಈ ಮಾತು ಪ್ರತಿ ವರ್ಷ ನನ್ನ ಕಿವಿಗೆ ಬೀಳುತ್ತದೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಪ್ಲಸ್ ಒನ್‌ನಲ್ಲಿ ಕಷ್ಟ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಮಗಳ ಹನ್ನೊಂದು ಅಂಕಕ್ಕೆ ಕನ್ನಡವೇ ಕಾರಣ ಎಂದು ಈಗಲೇ ತೀರ್ಪು ಕೊಡಬೇಡಿ. ಭಾಷೆಯ ತೊಂದರೆ ಎಷ್ಟು, ವಿಷಯದ ತೊಂದರೆ ಎಷ್ಟು ಎಂದು ಮೊದಲು ಬೇರೆ ಮಾಡಿ ನೋಡಬೇಕು. ಎರಡಕ್ಕೂ ಮದ್ದು ಬೇರೆ ಬೇರೆ.

ನೀವು ಕೊಟ್ಟ ಲೆಕ್ಕದಲ್ಲೇ ಒಂದು ಸುಳಿವು ಇದೆ. ಅವಳು ಫಿಸಿಕ್ಸ್‌ನಲ್ಲಿ 34 ಪ್ರಶ್ನೆಗಳಿಗೆ ಉತ್ತರ ಗುರುತಿಸಿದ್ದಾಳೆ, 9 ಸರಿಯಾಗಿವೆ. ನಾಲ್ಕು ಆಯ್ಕೆಗಳಿರುವ 34 ಪ್ರಶ್ನೆಗಳಿಗೆ ಪುಸ್ತಕವನ್ನೇ ನೋಡದವನೊಬ್ಬ ಕಣ್ಣು ಮುಚ್ಚಿ ಗುರುತು ಹಾಕಿದರೂ ಎಂಟೊಂಬತ್ತು ಸರಿಯಾಗುತ್ತವೆ. ಅಂದರೆ ಅವಳಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದು ಈ ಅಂಕದಲ್ಲಿ ಕಾಣುವುದೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎ ಪ್ಲಸ್ ತಂದ, ಒಂದು ವರ್ಷ ಪ್ಲಸ್ ಒನ್ ಕ್ಲಾಸಿನಲ್ಲಿ ಕೂತ ಹುಡುಗಿಗೆ ಏನೂ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಎಲ್ಲೋ ನಡುವೆ ಕೊಂಡಿ ಕಳಚಿದೆ.

ಎಲ್ಲಿ ಕಳಚಿದೆ ಎಂದು ಪತ್ತೆ ಮಾಡುವ ಕೆಲಸ ನೀವೇ ಮಾಡಬಹುದು. ಫಿಸಿಕ್ಸ್ ಗೊತ್ತಿರಬೇಕಾಗಿಲ್ಲ. ತಪ್ಪಾದ ಆ 25 ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಮಗಳ ಜೊತೆ ಕೂತುಕೊಳ್ಳಿ. ಗಡಿಯಾರ ಬೇಡ. ಒಂದೊಂದೇ ಪ್ರಶ್ನೆಯನ್ನು ಅವಳು ಇಂಗ್ಲಿಷಿನಲ್ಲಿ ಓದಲಿ. ಲೆಕ್ಕ ಮಾಡುವ ಮೊದಲು ‘ಇಲ್ಲಿ ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ’ ಎಂದು ನಿಮಗೆ ಕನ್ನಡದಲ್ಲಿ ಹೇಳಲಿ. ಹೇಳಲು ತಡವರಿಸಿದರೆ ಪ್ರಶ್ನೆಯ ಪಕ್ಕ ‘ಭಾ’ ಎಂದು ಬರೆಯಿರಿ, ಅದು ಭಾಷೆಯ ತೊಂದರೆ. ಸಲೀಸಾಗಿ ಹೇಳಿ, ಆಮೇಲೆ ಲೆಕ್ಕದ ದಾರಿ ಸಿಗದೆ ಕೂತರೆ ‘ವಿ’, ಅಂದರೆ ವಿಷಯ ಬರುವುದಿಲ್ಲ. ದಾರಿ ಗೊತ್ತಿದ್ದು ಕೂಡಿಸುವಾಗ ಕಳೆಯುವಾಗ ಎಡವಿದ್ದರೆ ‘ಅ’, ಅವಸರ. ಎರಡು ಸಂಜೆಯ ಕೆಲಸ ಅಷ್ಟೆ. ಹೀಗೆ ಮಾಡಿಸಿದಾಗ, ‘ಭಾ’ ಜಾಸ್ತಿ ಇರುತ್ತದೆ ಎಂದು ಹೆದರಿದ್ದವರಿಗೆ ಹೆಚ್ಚಾಗಿ ‘ವಿ’ ಜಾಸ್ತಿ ಸಿಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಕಲ್ಲೊಂದನ್ನು ನೇರ ಮೇಲಕ್ಕೆ ಎಸೆದಿದೆ. ಅತಿ ಎತ್ತರಕ್ಕೆ ಹೋದ ಕ್ಷಣದಲ್ಲಿ ಅದರ ವೇಗ ಮತ್ತು ವೇಗೋತ್ಕರ್ಷ ಕ್ರಮವಾಗಿ ಎಷ್ಟು? ಸರಿಯುತ್ತರ: ವೇಗ ಸೊನ್ನೆ, ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 10 ಮೀಟರ್, ಕೆಳಮುಖವಾಗಿ. ಇಂಗ್ಲಿಷ್ ಪ್ರಶ್ನೆಯ ಕೊನೆಯಲ್ಲಿ ‘ರೆಸ್ಪೆಕ್ಟಿವ್ಲಿ’ ಎಂದು ಇರುತ್ತದೆ. ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದ ಮಗು ಹತ್ತು ಮತ್ತು ಸೊನ್ನೆ ಎಂದು ತಿರುಗಾಮುರುಗಾ ಗುರುತು ಹಾಕುತ್ತದೆ. ಅದು ಭಾಷೆಯ ತಪ್ಪು. ಆದರೆ ತುಂಬ ಮಕ್ಕಳು ಗುರುತು ಹಾಕುವುದು ಸೊನ್ನೆ, ಸೊನ್ನೆ ಎಂಬ ಆಯ್ಕೆಗೆ. ಕಲ್ಲು ನಿಂತಿತಲ್ಲ, ಹಾಗಾದರೆ ಎಲ್ಲವೂ ಸೊನ್ನೆ ಎಂಬ ಎಣಿಕೆ. ಆ ಕ್ಷಣದಲ್ಲೂ ಭೂಮಿ ಎಳೆಯುತ್ತಲೇ ಇರುತ್ತದೆ, ಎಳೆಯದಿದ್ದರೆ ಕಲ್ಲು ಅಲ್ಲೇ ನಿಂತುಬಿಡುತ್ತಿತ್ತು ಎಂಬುದು ಹೊಳೆದಿರುವುದಿಲ್ಲ. ಈ ತಪ್ಪು ಇಂಗ್ಲಿಷ್ ಮೀಡಿಯಂ ಮಕ್ಕಳೂ ಮಾಡುತ್ತಾರೆ, ಮಲಯಾಳಂನವರೂ ಮಾಡುತ್ತಾರೆ. ಇದಕ್ಕೆ ಕನ್ನಡವನ್ನು ಬೈದು ಪ್ರಯೋಜನವಿಲ್ಲ.

ಹಾಗಾದರೆ ಕನ್ನಡ ಮೀಡಿಯಂನವರಿಗೆ ನಿಜವಾಗಿ ಆಗುವ ತೊಂದರೆ ಯಾವುದು? ಓದುವ ವೇಗ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ. ಬಯಾಲಜಿ 90, ಫಿಸಿಕ್ಸ್ 45, ಕೆಮಿಸ್ಟ್ರಿ 45. ಒಂದು ಪ್ರಶ್ನೆಗೆ ಒಂದು ನಿಮಿಷ, ಅದರಲ್ಲೇ ಒಎಂಆರ್ ಹಾಳೆಯ ವೃತ್ತವನ್ನೂ ತುಂಬಬೇಕು. 2022ರಿಂದ 2024ರವರೆಗೆ 200 ನಿಮಿಷ ಇತ್ತು, ಪ್ರಶ್ನೆಗಳಲ್ಲಿ ಸ್ವಲ್ಪ ಆಯ್ಕೆಯೂ ಇತ್ತು. 2025ರಲ್ಲಿ ಎರಡೂ ಹೋದವು. ನಾಲ್ಕು ಸಾಲಿನ ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು ಅರ್ಥ ಮಾಡುವವರಿಗೆ ಅರ್ಧ ನಿಮಿಷ ಅಲ್ಲೇ ಮುಗಿಯುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಗಾಬರಿಯಾಗಿ ಸಿಕ್ಕಿದ್ದಕ್ಕೆಲ್ಲ ಗುರುತು ಹಾಕುತ್ತಾರೆ. ಆ 25 ತಪ್ಪುಗಳಲ್ಲಿ ಎಷ್ಟು ಹೀಗೆ ಬಂದವು ಎಂದು ಮಗಳನ್ನೇ ಕೇಳಿ, ಅವಳಿಗೆ ನೆನಪಿರುತ್ತದೆ.

ಸಮಾಧಾನದ ವಿಷಯ ಏನೆಂದರೆ, ಪ್ರಶ್ನೆಪತ್ರಿಕೆಯ ಇಂಗ್ಲಿಷ್ ಬಹಳ ಸಣ್ಣ ಇಂಗ್ಲಿಷ್. ಕಥೆ ಕಾದಂಬರಿಯ ಹಾಗೆ ಹೊಸ ಪದಗಳು ಬರುತ್ತಲೇ ಇರುವುದಿಲ್ಲ. ‘ಇವುಗಳಲ್ಲಿ ಯಾವುದು ಸರಿಯಲ್ಲ’, ‘ಇದನ್ನು ಬಿಟ್ಟು ಉಳಿದವು’, ‘ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ’, ‘ನಿಶ್ಚಲ ಸ್ಥಿತಿಯಿಂದ ಹೊರಟಿದೆ’, ಒಂದು ಹೇಳಿಕೆ ಮತ್ತು ಅದಕ್ಕೊಂದು ಕಾರಣ ಕೊಟ್ಟು ಎರಡೂ ಸರಿಯೇ ಎಂದು ಕೇಳುವುದು, ಹೊಂದಿಸಿ ಬರೆಯುವುದು. ಇಂಥ ವಾಕ್ಯಗಳೇ ತಿರುಗಿ ತಿರುಗಿ ಬರುತ್ತವೆ. ಹಳೆಯ ನೀಟ್ ಪ್ರಶ್ನೆಪತ್ರಿಕೆಗಳಿಂದ ದಿನಕ್ಕೆ ಹತ್ತು ಪ್ರಶ್ನೆ ಓದಿ, ಉತ್ತರ ಬರೆಯದೆ, ಕೇಳಿದ್ದೇನು ಎಂದು ಮಾತ್ರ ಕನ್ನಡದಲ್ಲಿ ಒಂದು ಸಾಲು ಬರೆಯಲಿ. ಕಾಲು ಗಂಟೆ ಸಾಕು. ಓಣಂ ಪರೀಕ್ಷೆಯ ಹೊತ್ತಿಗೆ ಬದಲಾವಣೆ ಕಾಣುತ್ತದೆ. ಇದಕ್ಕೆಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಲು ಹೋಗಬೇಡಿ. ಅಲ್ಲಿ ಕಲಿಸುವುದು ಬೇರೆ, ಇಲ್ಲಿ ಬೇಕಾದದ್ದು ಬೇರೆ.

ಇನ್ನೊಂದು ಮಾತು. ಕೇರಳದ ಹೈಯರ್ ಸೆಕೆಂಡರಿಯಲ್ಲಿ ಓದುವ ಸೈನ್ಸ್ ಪುಸ್ತಕ ಎನ್‌ಸಿಇಆರ್‌ಟಿಯದ್ದೇ. ಬಯಾಲಜಿಯನ್ನು ಮಾತ್ರ ಬಾಟನಿ, ಝೂಆಲಜಿ ಎಂದು ಎರಡು ಮಾಡಿದ್ದಾರೆ. ನೀಟ್‌ನ ಬಯಾಲಜಿ ಪ್ರಶ್ನೆಗಳು ಹೆಚ್ಚಾಗಿ ಅದೇ ಪುಸ್ತಕದ ಸಾಲು, ಚಿತ್ರ, ಕೋಷ್ಟಕಗಳಿಂದ ಬರುತ್ತವೆ. ಅವಳ ಬ್ಯಾಗಿನಲ್ಲಿ ಇರುವ ಪುಸ್ತಕವೇ ಮುಖ್ಯ ಪುಸ್ತಕ. ಅದನ್ನು ಮೂಲೆಗಿಟ್ಟು ದಪ್ಪ ದಪ್ಪ ಗೈಡ್ ಕೊಳ್ಳುವುದು ದುಡ್ಡು ದಂಡ. ಬಯಾಲಜಿಗೆ 360 ಅಂಕ, ಒಟ್ಟಿನ ಅರ್ಧ. ಅದರಲ್ಲಿ ಬರುವ ಹೆಸರುಗಳು ಲ್ಯಾಟಿನ್, ಗ್ರೀಕ್ ಮೂಲದವು, ಎಲ್ಲ ಮೀಡಿಯಂನವರಿಗೂ ಅಷ್ಟೇ ಅಪರಿಚಿತ. 156ರಿಂದ ಮುನ್ನೂರರ ಹತ್ತಿರ ಹೋಗಲು ಬೇಕಾದದ್ದು ಬುದ್ಧಿವಂತಿಕೆಗಿಂತ ಜಾಸ್ತಿ ಮರುಓದು. ಪಾಠ ಓದಿ ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಖಾಲಿ ಹಾಳೆಯಲ್ಲಿ ಬರೆದು, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಲಿ. ಒಂದು ವಾರ ಬಿಟ್ಟು ಅದೇ ಪಾಠ ಮತ್ತೊಮ್ಮೆ. ಸಾಲಿನ ಕೆಳಗೆ ಗೆರೆ ಎಳೆಯುತ್ತ ಐದು ಸಲ ಓದುವುದಕ್ಕಿಂತ ಇದು ಗಟ್ಟಿ. ಸುಸ್ತಾಗುತ್ತದೆ, ಅದಕ್ಕೇ ಮಕ್ಕಳಿಗೆ ಇಷ್ಟ ಆಗುವುದಿಲ್ಲ!

ಈಗ ಕನ್ನಡ ಪೇಪರ್ ವಿಷಯಕ್ಕೆ ಬರೋಣ. ಇಲ್ಲಿ ನೀವು ಕೇಳಿದ ಎರಡು ಮಾತೂ ಅರ್ಧ ಸತ್ಯ.

ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿದೆ. ಕನ್ನಡದಲ್ಲಿ ಬರೆದವರಿಗೆ ಬೇರೆ ಸೀಟು, ಬೇರೆ ರ‍್ಯಾಂಕ್ ಪಟ್ಟಿ, ಹೆಚ್ಚುವರಿ ಅಂಕ ಯಾವುದೂ ಇಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ರ‍್ಯಾಂಕ್. ಇನ್ನು ‘ಅನುವಾದ ಅರ್ಥವಾಗುವುದಿಲ್ಲ’ ಎಂಬ ಮಾತು. ಕನ್ನಡ ಆರಿಸಿದವರಿಗೆ ಬರೀ ಕನ್ನಡದ ಪತ್ರಿಕೆ ಕೊಡುವುದಿಲ್ಲ. ಒಂದೇ ಪುಸ್ತಿಕೆಯಲ್ಲಿ ಇಂಗ್ಲಿಷೂ ಕನ್ನಡವೂ ಇರುತ್ತದೆ. ಇಂಗ್ಲಿಷ್ ಆರಿಸಿದವರಿಗೆ ಮಾತ್ರ ಬರೀ ಇಂಗ್ಲಿಷ್. ಎರಡರ ನಡುವೆ ವ್ಯತ್ಯಾಸ ಕಂಡರೆ ಇಂಗ್ಲಿಷಿನದ್ದೇ ಅಂತಿಮ. ಅಂದರೆ ಕನ್ನಡ ಆರಿಸಿದರೆ ನಿಮ್ಮ ಮಗಳು ಇಂಗ್ಲಿಷನ್ನು ಕಳೆದುಕೊಳ್ಳುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಆಸರೆ ಸಿಗುತ್ತದೆ.

ಆದರೆ ಇಲ್ಲೊಂದು ಗಡಿಯ ಸಮಸ್ಯೆ ಇದೆ. ಪ್ರಾದೇಶಿಕ ಭಾಷೆಯ ಪತ್ರಿಕೆಯನ್ನು ಆಯಾ ರಾಜ್ಯದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಕನ್ನಡ ಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ, ಮಲಯಾಳಂ ಪತ್ರಿಕೆ ಕೇರಳದಲ್ಲಿ. ಕಾಸರಗೋಡನ್ನು ಪರೀಕ್ಷಾ ಕೇಂದ್ರವಾಗಿ ಹಾಕಿದರೆ ಕನ್ನಡ ಸಿಗುವುದಿಲ್ಲ. ಕನ್ನಡ ಬೇಕಿದ್ದರೆ ಮಂಗಳೂರನ್ನೋ ಕರ್ನಾಟಕದ ಬೇರೆ ಊರನ್ನೋ ಹಾಕಬೇಕು. ಕನ್ನಡದವರೇ ಇರುವ ಜಿಲ್ಲೆಯಲ್ಲಿ ಕನ್ನಡ ಪತ್ರಿಕೆ ಇಲ್ಲ ಎಂಬುದು ನನಗೆ ಸರಿ ಕಾಣುವುದಿಲ್ಲ. ಆದರೆ ಅರ್ಜಿ ತುಂಬುವಾಗ ನಮ್ಮ ಬೇಸರ ಕೆಲಸಕ್ಕೆ ಬರುವುದಿಲ್ಲ, ನಿಯಮ ಗೊತ್ತಿರಬೇಕು. ಭಾಷೆಯನ್ನು ಅರ್ಜಿಯಲ್ಲಿ ಒಮ್ಮೆ ಆರಿಸಿದರೆ ಆಮೇಲೆ ಬದಲಿಸಲು ಬಿಡುವುದಿಲ್ಲ. ಕಂಪ್ಯೂಟರ್ ಪರದೆಯಲ್ಲಿ ಅದು ಒಂದು ಸಣ್ಣ ಪಟ್ಟಿ. ಅರ್ಜಿ ತುಂಬಿಸಿಕೊಡುವವರು ಹಿಂದೆ ಹತ್ತು ಜನ ಕಾಯುತ್ತಿರುವಾಗ ಇಂಗ್ಲಿಷ್ ಎಂದು ಒತ್ತಿ ಮುಂದೆ ಹೋಗುತ್ತಾರೆ. ಮಗಳು ಪಕ್ಕದಲ್ಲೇ ಕೂತು ಆ ಸಾಲನ್ನು ತಾನೇ ಓದಬೇಕು. ಪರೀಕ್ಷಾ ಊರುಗಳ ಆಯ್ಕೆಯಲ್ಲಿ ಮಂಗಳೂರನ್ನು ಮೊದಲು ಹಾಕಿ, ಉಡುಪಿಯಂಥ ಹತ್ತಿರದ್ದನ್ನು ಆಮೇಲೆ ಹಾಕಿ. ಕೇಳಿದ ಮೊದಲ ಊರೇ ಸಿಗುತ್ತದೆ ಎಂಬ ಖಾತರಿ ಇಲ್ಲ.

ಕನ್ನಡ ಆರಿಸುವುದರಲ್ಲಿ ಅಪಾಯವೇ ಇಲ್ಲವೇ? ಇದೆ. ಪ್ರಶ್ನೆಪತ್ರಿಕೆಯ ಕನ್ನಡ ಮನೆಮಾತಿನ ಕನ್ನಡವಲ್ಲ. ನಿಮ್ಮ ಮಗಳು ಹತ್ತರವರೆಗಿನ ಪದಗಳನ್ನು ಕನ್ನಡದಲ್ಲಿ ಕಲಿತಿದ್ದಾಳೆ, ಪ್ಲಸ್ ಒನ್ ಮೇಲಿನದ್ದನ್ನು ಇಂಗ್ಲಿಷಿನಲ್ಲಿ. ‘ಸಂವೇಗ’ ಅವಳಿಗೆ ಗೊತ್ತು. ಮೇಲಿನ ಪಾಠಗಳ ಕನ್ನಡ ಪದ ಕಂಡರೆ ಇದೇನಿದು ಎಂದು ತಬ್ಬಿಬ್ಬಾಗಬಹುದು. ಎರಡನ್ನೂ ಪೂರ್ತಿ ಓದಲು ಹೋದರೆ ಸಮಯ ಎರಡು ಪಾಲು ಬೇಕು. ಹಾಗಾಗಿ ನನ್ನ ಸಲಹೆ ಇಷ್ಟು: ಕನ್ನಡ ಆರಿಸಲಿ, ಆದರೆ ಓದುವುದು ಇಂಗ್ಲಿಷಿನಲ್ಲಿ. ವಾಕ್ಯ ಗೋಜಲಾಗಿ ಕಂಡಲ್ಲಿ ಮಾತ್ರ ಕನ್ನಡದ ಕಡೆ ಒಂದು ನೋಟ. ‘ಅಲ್ಲ’, ‘ಹೊರತುಪಡಿಸಿ’ ಇರುವ ಪ್ರಶ್ನೆಗಳಲ್ಲಿ ಆ ಒಂದು ನೋಟ ಅಂಕ ಉಳಿಸುತ್ತದೆ. ಇದಕ್ಕೂ ಅಭ್ಯಾಸ ಬೇಕು. ಎರಡು ಭಾಷೆ ಇರುವ ಹಳೆಯ ಪತ್ರಿಕೆ ಹುಡುಕಿ, ಪ್ರಿಂಟ್ ಹಾಕಿಸಿ, ಎರಡು ಮೂರು ಸಲವಾದರೂ ಗಡಿಯಾರ ಇಟ್ಟು ಬರೆಯಲಿ. ಜನವರಿಯ ಹೊತ್ತಿಗೆ ಕನ್ನಡದ ಕಡೆ ನೋಡಬೇಕೆಂದೇ ಅನಿಸದಿದ್ದರೆ ಇಂಗ್ಲಿಷ್ ಆರಿಸಿ ಕಾಸರಗೋಡಿನಲ್ಲೇ ಬರೆಯಲಿ. ಪ್ರಯಾಣದ ರಗಳೆ ತಪ್ಪುತ್ತದೆ.

ನೆಗೆಟಿವ್ ಮಾರ್ಕ್ ಬಗ್ಗೆ. ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. ಹೀಗಿರುವಾಗ ‘ಗೊತ್ತಿಲ್ಲದ್ದನ್ನು ಮುಟ್ಟಲೇಬಾರದು’ ಎಂಬುದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ. ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿಯಾಗಿ ನಾಲ್ಕು ಅಂಕ ಬರುತ್ತದೆ, ಮೂರು ತಪ್ಪಾಗಿ ಮೂರು ಹೋಗುತ್ತದೆ. ಉಳಿಯುವುದು ಒಂದು. ಲಾಭವೇ, ಆದರೆ ಪುಡಿಗಾಸು. ಹೀಗೆ ಇಪ್ಪತ್ತು ಪ್ರಶ್ನೆ ಬರೆದವರಲ್ಲಿ ನಾಲ್ಕೈದು ಮಂದಿಗೆ ಒಬ್ಬರು ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ. ಎರಡು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾಗಿ ಉಳಿದೆರಡರಲ್ಲಿ ಒಂದನ್ನು ಆರಿಸುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಪ್ರತಿ ಎರಡು ಪ್ರಶ್ನೆಗೆ ಸರಾಸರಿ ಮೂರು ಅಂಕ ಉಳಿಯುತ್ತದೆ. ಅಂಥದ್ದನ್ನು ಬಿಡಬಾರದು. ಮನೆಯಲ್ಲಿ ಬರೆಯುವ ಪರೀಕ್ಷೆಗಳಲ್ಲಿ ಮಾತ್ರ ಊಹೆ ಮಾಡಿದ ಪ್ರತಿ ಪ್ರಶ್ನೆಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಲಿ. ಆಮೇಲೆ ಗೊತ್ತಿದ್ದು ಬಂದ ಅಂಕ, ಊಹೆಯಿಂದ ಬಂದ ಅಂಕ ಬೇರೆ ಬೇರೆ ಕೂಡಿಸಲಿ. ಇಲ್ಲದಿದ್ದರೆ ಆ ಹನ್ನೊಂದು ಅಂಕದ ಹಾಗೆ ಯಾವುದೂ ತಿಳಿಯುವುದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ ಇಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬಾರದು.

212 ಬಂದರೆ ನೀಟ್ ‘ಪಾಸ್’ ಅಲ್ವಾ ಎಂದು ಯಾರಾದರೂ ಸಮಾಧಾನ ಹೇಳಬಹುದು. 2025ರಲ್ಲಿ ಜನರಲ್ ವರ್ಗದ ಅರ್ಹತಾ ಅಂಕ 144 ಇತ್ತು, ಆ ಲೆಕ್ಕದಲ್ಲಿ ಪಾಸೇ. ಆದರೆ ಆ ವರ್ಷ ಸುಮಾರು 22 ಲಕ್ಷ ಮಂದಿ ಬರೆದು 12 ಲಕ್ಷಕ್ಕೂ ಜಾಸ್ತಿ ಮಂದಿ ಅರ್ಹರಾದರು. ದೇಶದಲ್ಲಿ ಇರುವ ಎಂಬಿಬಿಎಸ್ ಸೀಟು, ಖಾಸಗಿಯವೂ ಸೇರಿ, ಅದರ ಹತ್ತರಲ್ಲಿ ಒಂದರ ಆಸುಪಾಸು. ಅರ್ಹತೆ ಬೇರೆ, ಸೀಟು ಬೇರೆ. ಹಾಗೆಯೇ ಒಂದು ವರ್ಷದ ಅಂಕವನ್ನು ಇನ್ನೊಂದು ವರ್ಷಕ್ಕೆ ಹಿಡಿದು ನೋಡಬೇಡಿ. 2024ರಲ್ಲಿ ಪರಿಷ್ಕೃತ ಫಲಿತಾಂಶದಲ್ಲೂ 17 ಮಂದಿಗೆ 720ಕ್ಕೆ 720 ಇತ್ತು. 2025ರಲ್ಲಿ ಪತ್ರಿಕೆ ಕಠಿಣ, ಮೊದಲ ರ‍್ಯಾಂಕಿನವರಿಗೇ 686. ‘ನಮ್ಮ ಸಂಬಂಧಿಕರ ಹುಡುಗನಿಗೆ ಇಷ್ಟು ಬಂದು ಸಿಗಲಿಲ್ಲ’ ಎಂಬ ಮಾತು ಕೇಳಿದರೆ ಯಾವ ವರ್ಷ, ಯಾವ ರ‍್ಯಾಂಕ್ ಎಂದು ಕೇಳಿ.

ಮಂಗಳೂರಿನ ಹಾಸ್ಟೆಲ್ ಕೋಚಿಂಗ್ ಬಗ್ಗೆ ನಿಮ್ಮ ತಮ್ಮನವರ ಕಾಳಜಿ ಅರ್ಥವಾಗುತ್ತದೆ. ಆದರೆ ಪ್ಲಸ್ ಟು ಮಧ್ಯದಲ್ಲಿ ಕಿತ್ತು ಬೇರೆ ಕಡೆ ನೆಡುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಪಾಠದ ವೇಗ ಮೊದಲೇ ಜಾಸ್ತಿ. ಪ್ಲಸ್ ಒನ್‌ನಿಂದಲೇ ಅಲ್ಲಿ ಇರುವ ಮಕ್ಕಳ ನಡುವೆ ಇವಳು ಹಿಂದಿನ ಬೆಂಚಿಗೆ ಬೀಳುತ್ತಾಳೆ. ಈಗಲೇ ಅಳುತ್ತಿರುವ ಮಗು, ಪ್ರತಿ ವಾರ ಗೋಡೆಗೆ ಅಂಟಿಸುವ ರ‍್ಯಾಂಕ್ ಪಟ್ಟಿಯ ಕೆಳಗೆ ತನ್ನ ಹೆಸರು ಹುಡುಕಬೇಕಾಗುತ್ತದೆ. ಕೋಚಿಂಗ್ ಕೆಟ್ಟದ್ದು ಎನ್ನುತ್ತಿಲ್ಲ. ದಿನಚರಿ, ವಾರವಾರದ ಪರೀಕ್ಷೆ, ಅನುಮಾನ ಕೇಳಲು ಒಬ್ಬರು, ಈ ಮೂರು ಅಲ್ಲಿ ಸಿಗುತ್ತವೆ. ಇವುಗಳನ್ನು ಊರಲ್ಲೇ ಸ್ವಲ್ಪ ಮಟ್ಟಿಗೆ ಹೊಂದಿಸಬಹುದು. ಕೇರಳ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ‘ಕೀ ಟು ಎಂಟ್ರೆನ್ಸ್’ ಎಂಬ ಉಚಿತ ತರಬೇತಿ ಶುರು ಮಾಡಿದೆ. ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯ ಮತ್ತು ಕಾನ್ಪುರದ ಐಐಟಿ ಸೇರಿ ನಡೆಸುವ ‘ಸಾಥಿ’ ಜಾಲತಾಣವೂ ಉಚಿತ. ಅನುಮಾನ ಕೇಳಲು ಫಿಸಿಕ್ಸ್‌ಗೆ ಮಾತ್ರ ಒಬ್ಬ ಒಳ್ಳೆಯ ಟ್ಯೂಷನ್ ಮಾಸ್ತರು ಸಿಕ್ಕಿದರೆ ಸಾಕು. ಕನ್ನಡ ಬಲ್ಲವರಾದರೆ ಇನ್ನೂ ಒಳ್ಳೆಯದು.

ಪ್ಲಸ್ ಟು ಮುಗಿದ ಮೇಲೆ ಒಂದು ವರ್ಷ ಮತ್ತೆ ಬರೆಯುವುದು ಬೇರೆ ವಿಷಯ. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದಿದ್ದಾರೆ, ಇಷ್ಟೇ ಸಲ ಬರೆಯಬೇಕೆಂಬ ಕಟ್ಟೂ ಇಲ್ಲ. ಹಾಗಾಗಿ ಚಿನ್ನ ಅಡವಿಡುವ ತೀರ್ಮಾನ ಇವತ್ತು ಬೇಡ. ಮುಂದಿನ ಫಲಿತಾಂಶ ಬಂದಾಗ ಅವಳ ರ‍್ಯಾಂಕಿಗೂ ನಿಮ್ಮ ವರ್ಗದಲ್ಲಿ ಕೊನೆಯ ಸರ್ಕಾರಿ ಸೀಟು ಸಿಕ್ಕ ರ‍್ಯಾಂಕಿಗೂ ಎಷ್ಟು ಅಂತರ ಇದೆ ನೋಡಿ. ಮಾಡೆಲ್ ಪರೀಕ್ಷೆಗಳಲ್ಲಿ ಅಂಕ ಏರುತ್ತಲೇ ಬಂದು, ಅಂತರ ಸಣ್ಣದಾಗಿ ಉಳಿದಿದ್ದರೆ ಒಂದು ವರ್ಷಕ್ಕೆ ಅರ್ಥವಿದೆ. ಆರು ತಿಂಗಳು ಒಂದೇ ಅಂಕದಲ್ಲಿ ನಿಂತಿದ್ದರೆ ಹಾಸ್ಟೆಲ್ ಬದಲಾದ ಮಾತ್ರಕ್ಕೆ ಅದು ಏರುವುದಿಲ್ಲ. ಆಗ ಅವಳು ಬೇರೆ ಕೋರ್ಸಿಗೆ ಸೇರುವುದೇ ಒಳ್ಳೆಯದು.

ಬೇರೆ ಕೋರ್ಸು ಎಂದಾಗ ನಮ್ಮಲ್ಲಿ ಮುಖ ಸಪ್ಪಗಾಗುತ್ತದೆ. ಸ್ವಲ್ಪ ನೋಡಿ. ಕೇರಳದಲ್ಲಿ ಆಯುರ್ವೇದ, ಹೋಮಿಯೋಪತಿ ಮಾತ್ರ ಅಲ್ಲ, ಪಶುವೈದ್ಯ, ಕೃಷಿ, ಅರಣ್ಯ, ಮೀನುಗಾರಿಕೆ ಪದವಿಗಳಿಗೂ ನೀಟ್ ಅಂಕದ ಆಧಾರದ ರ‍್ಯಾಂಕ್ ಪಟ್ಟಿಯಿಂದಲೇ ಸೀಟು. ಕೃಷಿ ಕಾಲೇಜು ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲೇ ಇದೆ. ಅಡಿಕೆ ತೋಟದ ಮನೆಯ ಹುಡುಗಿಗೆ ಇದು ಎರಡನೇ ದರ್ಜೆಯ ಆಯ್ಕೆ ಎಂದು ನಾನು ಒಪ್ಪುವುದಿಲ್ಲ. ಇಲ್ಲಿ ತುಂಬ ಮಂದಿ ಎಡವುವುದು ಒಂದು ಕಡೆ. ನೀಟ್ ಬರೆದರೆ ಸಾಕು, ಕೀಂ ಇಂಜಿನಿಯರಿಂಗಿಗೆ ಮಾತ್ರ ಎಂದುಕೊಳ್ಳುತ್ತಾರೆ. ಹಾಗಲ್ಲ. ಕೇರಳದ ಮೆಡಿಕಲ್ ಮತ್ತು ಈ ಎಲ್ಲ ಕೋರ್ಸಿನ ಪಟ್ಟಿಗೆ ಸೇರಬೇಕಾದರೆ ಪ್ರವೇಶ ಪರೀಕ್ಷಾ ಆಯುಕ್ತರ ಕೀಂ ಅರ್ಜಿಯನ್ನು ಸಮಯಕ್ಕೆ ಹಾಕಿ, ಆಮೇಲೆ ನೀಟ್ ಅಂಕವನ್ನು ಅಲ್ಲಿ ಸೇರಿಸಬೇಕು. ಕೀಂ ಅರ್ಜಿಯೇ ಇಲ್ಲದಿದ್ದರೆ ಒಳ್ಳೆಯ ಅಂಕ ಇದ್ದರೂ ಕೇರಳದ ಪಟ್ಟಿಯಲ್ಲಿ ಹೆಸರೇ ಬರುವುದಿಲ್ಲ. ಬಯಾಲಜಿ ಸೈನ್ಸ್ ಗ್ರೂಪಿನಲ್ಲಿ ಮ್ಯಾಥ್ಸ್ ಇರುವುದರಿಂದ ಅವಳು ಕೀಂ ಇಂಜಿನಿಯರಿಂಗ್ ಪರೀಕ್ಷೆಯನ್ನೂ ಬರೆಯಬಹುದು. ಇಷ್ಟವಿದ್ದರೆ ಮಾತ್ರ. 150 ಪ್ರಶ್ನೆಗಳಲ್ಲಿ 75 ಮ್ಯಾಥ್ಸ್, ಸುಮ್ನೆ ಹೋಗಿ ಬರೆದು ಬರುವ ಪರೀಕ್ಷೆಯಲ್ಲ. ಸಿಯುಇಟಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ, ನಮ್ಮ ಪೆರಿಯದಲ್ಲಿರುವುದಕ್ಕೂ ಅದೇ. ಅದರಲ್ಲಿ ಕನ್ನಡವನ್ನೇ ಒಂದು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು.

ಗಡಿನಾಡಿನ ಸೀಟು: ಮಾತು ನಿಜ, ಆದರೆ ‘ಮೀಸಲಾತಿ’ ಎಂದು ತಿಳಿಯಬೇಡಿ. ಕರ್ನಾಟಕದ ಸರ್ಕಾರಿ ಕೋಟಾದ ಸೀಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಓದಿದವರು ಅರ್ಹರು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಲ್ಲಿ ವಾಸ ಮಾಡಿ ಓದಿದ, ಕನ್ನಡ, ತುಳು ಅಥವಾ ಕೊಡವ ಮನೆಮಾತಿನ ಮಕ್ಕಳನ್ನೂ ಅರ್ಹರೆಂದು ಪರಿಗಣಿಸುವ ನಿಯಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ಇದೆ. ಇದು ಬಾಗಿಲು ತೆರೆಯುತ್ತದೆ ಅಷ್ಟೆ, ಒಳಗೆ ರ‍್ಯಾಂಕ್ ಅವರವರದ್ದೇ. ಕನ್ನಡ ಓದಲು ಬರೆಯಲು ಬರುತ್ತದೆ ಎಂದು ತೋರಿಸುವ ಒಂದು ಭಾಷಾ ಪರೀಕ್ಷೆ ಇರುತ್ತದೆ. ಕನ್ನಡ ಮೀಡಿಯಂ ಓದಿದವಳಿಗೆ ಅದು ನೀರು ಕುಡಿದಷ್ಟು ಸುಲಭ, ತಾರೀಕು ತಪ್ಪಿಸಬಾರದು ಅಷ್ಟೆ. ಕರ್ನಾಟಕದ ಮೆಡಿಕಲ್ ಸೀಟಿಗೂ ನೀಟ್ ಅಂಕವೇ, ಆದರೆ ಕೆಇಎಯಲ್ಲಿ ನೋಂದಣಿ ಬೇರೆ ಮಾಡಬೇಕು. ಎಷ್ಟು ವರ್ಷ, ಯಾವ ತರಗತಿಯಿಂದ ಯಾವ ತರಗತಿಯವರೆಗೆ ಇಲ್ಲಿ ಓದಿರಬೇಕು ಎಂಬ ಷರತ್ತನ್ನು ಆ ವರ್ಷದ ಕೈಪಿಡಿಯಲ್ಲಿ ಓದಿ. ಹೈಸ್ಕೂಲು ಮುಗಿಸಿ ಪಿಯುಗೆ ಗಡಿ ದಾಟುವ ಯೋಚನೆ ಇರುವ ಬೇರೆ ತಂದೆತಾಯಿಗಳು ದಾಟುವ ಮೊದಲೇ ಇದನ್ನು ಓದಬೇಕು. ಕೇರಳದ ಜಾತಿ ಪ್ರಮಾಣಪತ್ರ ಕರ್ನಾಟಕದಲ್ಲಿ ಹಾಗೇ ನಡೆಯುತ್ತದೆ ಎಂದೂ ಎಣಿಸಬೇಡಿ. ಎರಡು ರಾಜ್ಯದ ಪಟ್ಟಿ ಬೇರೆ ಬೇರೆ.

ಕಾಗದಪತ್ರದ ಕೆಲಸ ಈ ಓಣಂ ರಜೆಯಲ್ಲೇ ಶುರು ಮಾಡಿ. ವಿಲ್ಲೇಜ್ ಆಫೀಸಿನಿಂದ ನೇಟಿವಿಟಿ, ವರಮಾನ, ಬೇಕಾದರೆ ನಾನ್ ಕ್ರೀಮಿ ಲೇಯರ್. ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ. ಅದಕ್ಕಿಂತ ಮೊದಲು ಎಸ್ಸೆಸ್ಸೆಲ್ಸಿ ಕಾರ್ಡ್ ಮತ್ತು ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಹೆಸರಿನ ಕೊನೆಗೆ ‘ಕೆ’ ಎಂದು ಇನಿಷಿಯಲ್ ಮಾತ್ರ, ಇನ್ನೊಂದರಲ್ಲಿ ಮನೆಹೆಸರು ಬಿಡಿಸಿ ಬರೆದಿರುವುದು ನಮ್ಮ ಕಡೆ ಮಾಮೂಲು. ಅದನ್ನು ಈಗ ಸರಿಪಡಿಸಿದರೆ ಒಂದು ಅರ್ಜಿಯ ಕೆಲಸ. ಕೌನ್ಸೆಲಿಂಗ್ ಸಮಯದಲ್ಲಿ ಗೊತ್ತಾದರೆ ನಿದ್ದೆ ಇಲ್ಲ.

ಮಗಳ ಅಳುವಿನ ಬಗ್ಗೆ ಒಂದು ಮಾತು. ನಿಮ್ಮ ಪತ್ರದಲ್ಲಿ ಅವಳ ನಿದ್ದೆ, ಊಟದ ಬಗ್ಗೆ ಏನೂ ಬರೆದಿಲ್ಲ. ಅವು ಸರಿಯಾಗಿದ್ದು, ಪರೀಕ್ಷೆಯ ಮಾತು ಬಂದಾಗ ಮಾತ್ರ ಅಳುವುದಾದರೆ ಮೇಲೆ ಹೇಳಿದ ‘ಭಾ–ವಿ–ಅ’ ಕೆಲಸವೇ ಅರ್ಧ ಸಮಾಧಾನ ಕೊಡುತ್ತದೆ. ಹೆದರಿಕೆ ದೊಡ್ಡದಾಗಿ ಕಾಣುವುದು ಅದು ಏನು ಎಂದು ಗೊತ್ತಿಲ್ಲದಾಗ. ಆದರೆ ನಿದ್ದೆ ಬಿಟ್ಟಿದ್ದರೆ, ಗೆಳತಿಯರ ಜೊತೆ ಮಾತು ನಿಲ್ಲಿಸಿದ್ದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ನೀಟ್ ಪಕ್ಕಕ್ಕಿರಲಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಉಚಿತ. ಶಾಲೆಯ ಕೌನ್ಸಿಲರ್ ಹತ್ತಿರವೂ ಮಾತಾಡಿಸಿ.

ಕೊನೆಗೆ ಪರೀಕ್ಷೆಯ ದಿನದ ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ನೀಟ್ ಸಾಮಾನ್ಯವಾಗಿ ಮೇ ತಿಂಗಳ ಭಾನುವಾರ, ಮಧ್ಯಾಹ್ನ 2ರಿಂದ 5. ಬೇಸಿಗೆಯ ಸೆಕೆ, ಊಟ ಆದ ಮೇಲಿನ ತೂಕಡಿಕೆಯ ಹೊತ್ತು. ಫೆಬ್ರವರಿಯಿಂದ ಮಾಡೆಲ್ ಪರೀಕ್ಷೆಗಳನ್ನು ಅದೇ ಹೊತ್ತಿನಲ್ಲಿ ಬರೆಯಲಿ, ರಾತ್ರಿ ಬೇಡ. ಗೇಟು ಒಂದೂವರೆಗೆ ಮುಚ್ಚುತ್ತದೆ, ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಮಂಗಳೂರಿನ ಕೇಂದ್ರ ಬಂದರೆ ಬೆಳಿಗ್ಗೆಯೇ ಹೊರಟು ಹನ್ನೊಂದರೊಳಗೆ ಕೇಂದ್ರದ ಬಾಗಿಲು ನೋಡಿಕೊಳ್ಳಿ, ತಲಪಾಡಿಯ ಕಡೆ ವಾಹನ ಸಾಲುಗಟ್ಟಿದರೆ ಯಾರೂ ಏನೂ ಮಾಡುವ ಹಾಗಿಲ್ಲ. ಉಡುಪಿ ಅಥವಾ ಅದರಾಚೆ ಬಂದರೆ ಹಿಂದಿನ ದಿನವೇ ಹೋಗಿ. ಅರ್ಧ ತೋಳಿನ ಅಂಗಿ, ಚಪ್ಪಲಿ, ಕಿವಿಗೆ ಕತ್ತಿಗೆ ಏನೂ ಬೇಡ. ಉಳಿದದ್ದು ಪ್ರವೇಶಪತ್ರದ ಹಿಂದೆ ಬರೆದಿರುತ್ತದೆ. ಅದನ್ನು ಮಗಳೇ ಓದಿ ನಿಮಗೆ ಹೇಳಲಿ.